ಕೆಳಗೆ ಸಿಕ್ಕವರು ಬಿಡಿಸಿಕೊಳ್ಳುವುದನ್ನು ಮೊದಲು ಕಲಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನೆಲದ ಮೇಲೆ ಹಿಡಿದು ಸೆಣಸುವ ಬ್ರೆಜಿಲಿಯನ್ ಜಿಯು-ಜಿಟ್ಸು ಆಟದ ಬಗ್ಗೆ ಕ್ರೀಡಾ ಪುಟಗಳಲ್ಲಿ ಬರಹಗಳು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಬಹುಪಾಲು ಬರಹಗಳಲ್ಲಿ ಇರುವುದು ಒಂದೇ ಕ್ಷಣದ ವರ್ಣನೆ: ಕತ್ತು ಬಿಗಿದದ್ದು, ತೋಳು ಸಿಕ್ಕಿಹಾಕಿಕೊಂಡದ್ದು, ಎದುರಾಳಿ ಮ್ಯಾಟ್ ತಟ್ಟಿ ಸೋಲೊಪ್ಪಿದ್ದು. ಅದಕ್ಕೆ ಮುಂಚಿನ ನಾಲ್ಕೈದು ನಿಮಿಷ ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ ಇದ್ದು ಮಾಡಿದ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. ಇಂಥದ್ದನ್ನೇ ಓದಿ, ನೋಡಿ ಬಂದ ಹೊಸಬರು ಮೊದಲ ದಿನವೇ ‘ಚೋಕ್ (ಕತ್ತು ಬಿಗಿಯುವ ಪಟ್ಟು) ಹೇಳಿಕೊಡಿ’ ಎನ್ನುತ್ತಾರೆ. ಬಂದವರು ಬೇಸರಪಟ್ಟು ಬಿಟ್ಟುಹೋದಾರೆಂದು ಕೆಲವು ತರಬೇತುದಾರರು ಹೇಳಿಕೊಟ್ಟೂ ಬಿಡುತ್ತಾರೆ. ಈ ಕ್ರಮ ತಿರುವುಮುರುವಾಗಿದೆ. ಕೆಳಗೆ ಸಿಕ್ಕಾಗ ಬಿಡಿಸಿಕೊಳ್ಳುವುದು ಮೊದಲು, ಮೇಲೆ ಬಂದಾಗ ಅಲ್ಲೇ ನಿಲ್ಲುವುದು ಆಮೇಲೆ, ಉಳಿದದ್ದು ಅದಾದ ಮೇಲೆ. ಹೀಗೆ ಏಕೆ ಎಂದು ವಿವರವಾಗಿಯೇ ಹೇಳಬೇಕು, ತುಸು ಜಾಗ ಕೊಡಿ.

ಕುಸ್ತಿ ನೋಡಿ ಬೆಳೆದವರಿಗೆ ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ತಾಗಿ ಚಿತ್ ಆದರೆ ಆಟ ಮುಗಿಯಿತು. ಜೂಡೊದಲ್ಲಿ ಎದುರಾಳಿಯನ್ನು ಬೆನ್ನ ಮೇಲೆ 20 ಸೆಕೆಂಡು ಒತ್ತಿ ಹಿಡಿದರೆ ಇಪ್ಪೊನ್, ಅಂದರೆ ಪೂರ್ಣ ಗೆಲುವು, ಅಲ್ಲಿಗೆ ಮುಗಿಯಿತು. ಜಿಯು-ಜಿಟ್ಸುವಿನಲ್ಲಿ ಅಂಗಾತ ಬೀಳುವುದು ಸೋಲಲ್ಲ. ಕೆಳಗಿರುವವರ ಕಾಲುಗಳು ಇಬ್ಬರ ನಡುವೆ ಇರುವವರೆಗೆ ಅದು ಗಾರ್ಡ್. ಅಲ್ಲಿಂದ ಎದುರಾಳಿಯನ್ನು ಉರುಳಿಸಬಹುದು, ತೋಳು ಹಿಡಿಯಬಹುದು, ಕತ್ತು ಬಿಗಿಯಬಹುದು. ಆ ಕಾಲುಗಳನ್ನು ದಾಟಿ ಎದುರಾಳಿ ಎದೆಯ ಮೇಲೆ ಬಂದಾಗ ನಿಜವಾದ ಕಷ್ಟ ಶುರುವಾಗುತ್ತದೆ. ಮಗ್ಗುಲಿಂದ ಅಡ್ಡಲಾಗಿ ಬಂದರೆ ಸೈಡ್ ಕಂಟ್ರೋಲ್, ಹೊಟ್ಟೆಯ ಮೇಲೆ ಸವಾರಿಯಂತೆ ಕೂತರೆ ಮೌಂಟ್, ತಲೆಯ ಕಡೆಯಿಂದ ಬಂದರೆ ನಾರ್ತ್ ಸೌತ್. ಜೂಡೊದವರು ಇವನ್ನೇ ಯೋಕೊ ಶಿಹೊ ಗತಾಮೆ, ತಾತೆ ಶಿಹೊ ಗತಾಮೆ, ಕಾಮಿ ಶಿಹೊ ಗತಾಮೆ ಎನ್ನುತ್ತಾರೆ. ಜೂಡೊ ಪಟು ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್‌ಗೆ ಹೋಗಿ ಅಲ್ಲಿ ಕಲಿಸಿದ್ದರಿಂದಲೇ ಈ ವಿದ್ಯೆ, ಬ್ರೆಜಿಲಿಯನ್ ಜಿಯು-ಜಿಟ್ಸುವನ್ನು ರೂಪಿಸಿದ ಗ್ರೇಸಿ ಮನೆತನಕ್ಕೆ ಸಿಕ್ಕಿತು. ಹಿಡಿತಗಳು ಹಳೆಯವೇ. ಹಿಡಿದ ಮೇಲೆ ಗಡಿಯಾರ ಆಟ ಮುಗಿಸುವುದಿಲ್ಲ ಎಂಬುದು ಹೊಸದು. ಮುಗಿಸಬೇಕಾದವರು ಆಟಗಾರರೇ.

ಅಂಕಗಳ ಲೆಕ್ಕವೂ ಇದನ್ನೇ ಹೇಳುತ್ತದೆ. ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿಟ್ಸು ಫೆಡರೇಷನ್ (ಐಬಿಜೆಜೆಎಫ್) ನಿಯಮದಲ್ಲಿ ಎದುರಾಳಿಯನ್ನು ಬೀಳಿಸಿದರೆ 2, ಕೆಳಗಿನಿಂದ ಉರುಳಿಸಿ ಮೇಲೆ ಬಂದರೆ 2, ಹೊಟ್ಟೆಯ ಮೇಲೆ ಮಂಡಿಯೂರಿದರೆ 2, ಗಾರ್ಡ್ ದಾಟಿದರೆ 3, ಮೌಂಟ್‌ಗೆ 4, ಹಿಂದಿನಿಂದ ಬಂದು ಬೆನ್ನು ಹಿಡಿದರೆ 4. ಯಾವುದೇ ಆಗಲಿ 3 ಸೆಕೆಂಡು ಅಲುಗದೆ ಉಳಿಸಿಕೊಂಡರೆ ಮಾತ್ರ ಅಂಕ. ಎಡಿಸಿಸಿ ಎಂಬ ಇನ್ನೊಂದು ದೊಡ್ಡ ಪಂದ್ಯಾವಳಿಯಲ್ಲಿ ಮೌಂಟ್‌ಗೆ 2 ಮಾತ್ರ, ಬೆನ್ನಿಗೆ 3. ಸಂಖ್ಯೆ ಬೇರೆಯಾದರೂ ತತ್ವ ಒಂದೇ. ಇನ್ನು, ಕೆಟ್ಟ ಜಾಗದಿಂದ ಬಿಡಿಸಿಕೊಂಡು ಗಾರ್ಡ್‌ಗೆ ಮರಳಿದವರಿಗೆ ಈ ಎರಡರಲ್ಲೂ ಒಂದಂಕವೂ ಇಲ್ಲ. ಬಹುಶಃ ಅದಕ್ಕೇ ಆ ಕೌಶಲ ವರದಿಗಳಲ್ಲೂ ಕಾಣುವುದಿಲ್ಲ, ತರಗತಿಗಳಲ್ಲೂ ಹಿಂದೆ ಬೀಳುತ್ತದೆ.

ಸೈಡ್ ಕಂಟ್ರೋಲ್‌ನಿಂದ ಶುರು ಮಾಡುತ್ತೇನೆ, ಹೊಸಬರು ಹೆಚ್ಚು ಹೊತ್ತು ಸಿಕ್ಕಿಕೊಳ್ಳುವುದು ಅಲ್ಲೇ. ನೀವು ಅಂಗಾತ ಬಿದ್ದಿದ್ದೀರಿ, ಎದುರಾಳಿ ನಿಮ್ಮ ಬಲಮಗ್ಗುಲಿಂದ ಅಡ್ಡಲಾಗಿ ಎದೆಯ ಮೇಲೆ ಎದೆಯಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಎಡತೋಳು ನಿಮ್ಮ ಕತ್ತಿನ ಕೆಳಗೆ ಹೋಗಿದೆ. ಎಡಭುಜ ನಿಮ್ಮ ದವಡೆಯನ್ನು ಒತ್ತಿ ಮುಖವನ್ನು ಆಚೆಗೆ ತಿರುಗಿಸಿದೆ. ಇದು ಕ್ರಾಸ್‌ಫೇಸ್. ಅವರ ಬಲತೋಳು ನಿಮ್ಮ ಎಡಕಂಕುಳಲ್ಲಿ ತೂರಿದೆ. ಇದು ಅಂಡರ್‌ಹುಕ್. ಮುಖ ಯಾವ ಕಡೆಗೆ ತಿರುಗಲಾರದೋ ಆ ಕಡೆಗೆ ಮೈಯೂ ತಿರುಗಲಾರದು. ನೀವು ತಿರುಗಬೇಕಾದದ್ದು ಅವರ ಕಡೆಗೆ, ಮುಖ ಇರುವುದು ಆಚೆಗೆ. ಕ್ರಾಸ್‌ಫೇಸ್‌ನ ಬಲ ಇಷ್ಟೇ. ನೋವು ಅದರ ಉದ್ದೇಶವಲ್ಲ.

ಇಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಎರಡೂ ಅಂಗೈಗಳಿಂದ ಎದುರಾಳಿಯ ಎದೆಯನ್ನು ಮೇಲಕ್ಕೆ ನೂಕುವುದು. ನೂಕಲು ತೋಳು ಚಾಚಲೇಬೇಕು, ಚಾಚಿದ ತೋಳು ಆರ್ಮ್‌ಬಾರ್‌ಗೆ, ಅಂದರೆ ಮೊಣಕೈ ಮುರಿಯುವ ಪಟ್ಟಿಗೆ, ಕೊಟ್ಟ ಕಾಣಿಕೆ. ಎರಡನೆಯ ತಪ್ಪು ಅವರ ಕತ್ತನ್ನೋ ಬೆನ್ನನ್ನೋ ತಬ್ಬಿಕೊಳ್ಳುವುದು. ತಬ್ಬಿದಷ್ಟೂ ಅವರ ಭಾರ ನಿಮ್ಮ ಮೇಲೆಯೇ ಬಿಗಿಯಾಗುತ್ತದೆ, ನೀವೇ ಅವರ ಕೆಲಸ ಮಾಡಿಕೊಟ್ಟ ಹಾಗೆ. ಮೂರನೆಯದು ಭಯದಿಂದ ಆಚೆಗೆ ಹೊರಳಿ ಬೋರಲಾಗುವುದು. ಅಲ್ಲಿ ಬೆನ್ನು ಹೋಯಿತು, 4 ಅಂಕ ಹೋಯಿತು, ಕತ್ತೂ ಅಪಾಯಕ್ಕೆ ಸಿಕ್ಕಿತು.

ಮಾಡಬೇಕಾದದ್ದು ಫ್ರೇಮ್. ಕೈಗಳನ್ನು ತೊಲೆಯ ಹಾಗೆ ಬಳಸುವುದು. ಬಲ ಮುಂಗೈ ಅವರ ಸೊಂಟದ ಮೂಳೆಗೆ ಅಡ್ಡವಾಗಿ ಬರಬೇಕು, ಬಲ ಮೊಣಕೈ ನಿಮ್ಮ ಪಕ್ಕೆಗೆ ಅಂಟಿರಬೇಕು. ಎಡ ಮುಂಗೈಯ ಅಂಚು ಅವರ ಕತ್ತು ಮತ್ತು ಭುಜ ಕೂಡುವ ಜಾಗಕ್ಕೆ ಸಿಗಬೇಕು. ಎರಡೂ ಮೊಣಕೈ ಮಡಿಸಿದಂತೆಯೇ ಇರಲಿ. ಭಾರವನ್ನು ಮೂಳೆ ಹೊರಲಿ, ಸ್ನಾಯು ಹೊರುವುದು ಬೇಡ. ಅಂಡರ್‌ಹುಕ್ ಆಗಲೇ ಬಿಗಿಯಾಗಿದ್ದರೆ ಎಡಗೈ ಒಳಗೆ ಬರುವುದಿಲ್ಲ. ಆಗ ಸೊಂಟವನ್ನು ಚಿಕ್ಕದಾಗಿ ಒಂದು ಸಲ ಕುಕ್ಕಿ ಎತ್ತಿ, ಅವರ ಎದೆ ಸಡಿಲಾದ ಗಳಿಗೆಯಲ್ಲಿ ಮೊಣಕೈಯನ್ನು ನಿಮ್ಮ ಪಕ್ಕೆಗೆ ಎಳೆದುಕೊಳ್ಳಬೇಕು. ಎರಡು ಮೂರು ಸಲ ಬೇಕಾಗಬಹುದು. ಮೊಣಕೈ ಒಳಗೆ ಬರದೆ ಮುಂದಿನ ಹೆಜ್ಜೆ ಇಟ್ಟರೆ ಶ್ರಮವೆಲ್ಲ ನೀರುಪಾಲು.

ಫ್ರೇಮ್ ಇರುವುದು ಎದುರಾಳಿಯನ್ನು ದೂರ ತಳ್ಳಲು ಅಲ್ಲ. ಅವರನ್ನು ಇದ್ದಲ್ಲೇ ನಿಲ್ಲಿಸಿ ನೀವು ದೂರ ಸರಿಯಲು. ಈ ಒಂದು ಮಾತು ಮನಸ್ಸಿಗೆ ಇಳಿದರೆ ಅರ್ಧ ವಿದ್ಯೆ ಬಂದ ಹಾಗೆ. ಎಂಬತ್ತು ಕಿಲೋ ಮೈಯನ್ನು ಜರುಗಿಸುವುದು ಕಷ್ಟ, ನಿಮ್ಮ ಸೊಂಟವನ್ನು ಒಂದು ಗೇಣು ಜರುಗಿಸುವುದು ಕಷ್ಟವಲ್ಲ.

ಇನ್ನು ಚಲನೆ. ಹಿಮ್ಮಡಿಗಳನ್ನು ಪೃಷ್ಠದ ಹತ್ತಿರಕ್ಕೆ ಎಳೆದುಕೊಂಡು, ಸೊಂಟವನ್ನು ಅವರ ಕಡೆಗೆ ವಾಲಿಸಿ ಮೇಲಕ್ಕೆ ಎತ್ತಿ. ಇದು ಬ್ರಿಡ್ಜ್. ಅವರು ಇದರಿಂದ ಉರುಳುವುದಿಲ್ಲ, ಉರುಳಬೇಕಾಗಿಯೂ ಇಲ್ಲ. ಅವರ ಎದೆಗೂ ನಿಮ್ಮ ಎದೆಗೂ ನಡುವೆ ನಾಲ್ಕು ಬೆರಳಿನ ಜಾಗ ಹುಟ್ಟುತ್ತದೆ, ಆ ಜಾಗದಲ್ಲಿ ಫ್ರೇಮ್ ಆಳವಾಗಿ ಕೂರುತ್ತದೆ. ಈಗ ಸೊಂಟ ಕೆಳಗೆ ಇಳಿಯುತ್ತಿರುವಾಗಲೇ ಎಡಪಾದದಿಂದ ನೆಲವನ್ನು ಒದ್ದು, ಬಲಮಗ್ಗುಲಿಗೆ ತಿರುಗುತ್ತಾ, ಸೊಂಟವನ್ನು ಅವರಿಂದ ಹಿಂದಕ್ಕೆ ಜರುಗಿಸಿ. ಇದು ಶ್ರಿಂಪ್. ಪೂರ್ತಿ ಕೆಳಗೆ ಬಂದು ಬೆನ್ನು ನೆಲಕ್ಕೆ ತಾಗಿದ ಮೇಲೆ ಶುರು ಮಾಡಿದರೆ ಆ ನಾಲ್ಕು ಬೆರಳಿನ ಜಾಗ ಮುಚ್ಚಿಹೋಗಿರುತ್ತದೆ. ಅದು ತೆರೆದಿರುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ‘ಸರ್, ನೀವು ಹೇಳಿದ ಹಾಗೇ ಮಾಡಿದೆ, ಆಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರ ತೊಡಕು ಇಲ್ಲೇ ಇರುತ್ತದೆ. ಬ್ರಿಡ್ಜ್ ಒಂದು ಕೆಲಸ, ಶ್ರಿಂಪ್ ಇನ್ನೊಂದು ಕೆಲಸ ಎಂದು ಬಿಡಿಬಿಡಿಯಾಗಿ ಮಾಡುತ್ತಾರೆ. ಎರಡೂ ಒಂದೇ ಉಸಿರಿನಲ್ಲಿ ಆಗಬೇಕು.

ಸೊಂಟ ಹಿಂದೆ ಹೋದ ಕೂಡಲೇ ಬಲಮಂಡಿ ನಿಮ್ಮ ಬಲ ಮೊಣಕೈಯನ್ನು ಹುಡುಕಿಕೊಂಡು ಬರಬೇಕು. ಮಂಡಿಯೂ ಮೊಣಕೈಯೂ ಸೇರಿದವೆಂದರೆ ಅವರ ಹೊಟ್ಟೆಗೆ ಅಡ್ಡವಾಗಿ ನಿಮ್ಮ ಮೊಣಕಾಲಿನ ಕೆಳಭಾಗ ಬಂತು, ಬಾಗಿಲು ಹಾಕಿದಂತಾಯಿತು. ಆಮೇಲೆ ಇನ್ನೊಂದು ಕಾಲನ್ನು ಆಚೆ ತಂದು ಗಾರ್ಡ್ ಕಟ್ಟಿಕೊಳ್ಳಿ. ಒಂದು ಶ್ರಿಂಪ್‌ನಲ್ಲಿ ಸಾಕಷ್ಟು ಜಾಗ ಸಿಗದಿದ್ದರೆ ಅಂಗಾತಕ್ಕೆ ಮರಳಬೇಡಿ, ಮಗ್ಗುಲಲ್ಲೇ ಇದ್ದು ಇನ್ನೊಂದು ಹಾಕಿ.

ಅನುಭವಿ ಎದುರಾಳಿ ಇದನ್ನು ಬಲ್ಲರು, ಸೊಂಟ ಇಳಿಸಿ ನಿಮ್ಮ ಮಂಡಿಗೆ ಅಡ್ಡ ಬರುತ್ತಾರೆ. ಆಗ ಅವರ ಗಮನ ಕೆಳಗೆ ಇಳಿದು ಕ್ರಾಸ್‌ಫೇಸ್ ಸಡಿಲಾಗಿರುತ್ತದೆ. ನಿಮ್ಮ ಎಡಗೈಯನ್ನು ಅವರ ಬಲಕಂಕುಳಲ್ಲಿ ತೂರಿಸಿ, ಅವರ ಕಡೆಗೇ ತಿರುಗಿ ಮಂಡಿಗಳ ಮೇಲೆ ಬಂದು ಕಾಲು ಹಿಡಿಯಿರಿ. ಅದನ್ನು ತಡೆಯಲು ಅವರು ಮತ್ತೆ ತಲೆಯ ಕಡೆಗೆ ಭಾರ ಹಾಕಿದರೆ ಮಂಡಿಗೆ ದಾರಿ ಬಿಟ್ಟುಕೊಟ್ಟ ಹಾಗೆ. ಇವೆರಡನ್ನು ಜೋಡಿಯಾಗಿಯೇ ಕಲಿಸಬೇಕು. ಒಂದೇ ಕಲಿತವರು ಒಂದೇ ಬಾಗಿಲನ್ನು ತಟ್ಟುತ್ತಾ ಸುಸ್ತಾಗುತ್ತಾರೆ.

ಮೌಂಟ್‌ನ ಕೆಳಗಿನಿಂದ ಬರುವುದಕ್ಕೂ ಹಳೆಯ ಜೋಡಿಯೊಂದಿದೆ. ಒಂದು ಉಪಾ, ಅಂದರೆ ಸೊಂಟ ಎತ್ತಿ ಹೊರಳಿಸುವುದು. ಎದುರಾಳಿ ನಿಮ್ಮ ಹೊಟ್ಟೆಯ ಮೇಲೆ ಕೂತಿದ್ದಾರೆ, ಅವರ ಬಲಗೈ ನಿಮ್ಮ ಎದೆಯ ಮೇಲೋ ಕಾಲರ್‌ನಲ್ಲೋ ಇದೆ. ಆ ಕೈಯನ್ನು ಮಣಿಕಟ್ಟು ಮತ್ತು ಮೊಣಕೈ ಎರಡೂ ಸೇರಿಸಿ ನಿಮ್ಮ ಎದೆಗೆ ಅವಚಿಕೊಳ್ಳಿ. ನಿಮ್ಮ ಎಡಪಾದವನ್ನು ಅವರ ಬಲಪಾದದ ಹೊರಗಡೆ ಇಟ್ಟು ಅದು ಹೊರಗೆ ಚಾಚದಂತೆ ಕಟ್ಟಿಹಾಕಿ. ಈಗ ಅವರಿಗೆ ಆ ಬದಿಯಲ್ಲಿ ಊರಲು ಕೈಯೂ ಇಲ್ಲ, ಕಾಲೂ ಇಲ್ಲ. ಮೊದಲು ಸೊಂಟ ನೇರ ಮೇಲಕ್ಕೆ, ಅವರ ಭಾರ ನಿಮ್ಮ ತಲೆಯ ಕಡೆ ಜಾರುವ ತನಕ. ಆಮೇಲೆ ಎಡಭುಜದ ಮೇಲಿಂದ ಓರೆಯಾಗಿ ಹೊರಳಿ. ಎತ್ತದೆ ಬರೀ ಪಕ್ಕಕ್ಕೆ ಹೊರಳಲು ನೋಡಿದರೆ ಅವರು ಮರದ ಬೇರಿನಂತೆ ಕೂತಿರುತ್ತಾರೆ. ಎತ್ತಿದರೂ ಪಾದ ಕಟ್ಟದಿದ್ದರೆ ಕಾಲು ಚಾಚಿ ನಿಂತುಬಿಡುತ್ತಾರೆ. ಬ್ರಿಡ್ಜ್‌ನಲ್ಲಿ ಭಾರ ಭುಜದ ಮೇಲೆ ಬರಬೇಕು, ನೆತ್ತಿಯ ಮೇಲೆ ಬಂದರೆ ಕತ್ತು ಉಳುಕುತ್ತದೆ. ಉರುಳಿದ ಮೇಲೆ ನೀವು ಇರುವುದು ಅವರ ಗಾರ್ಡ್‌ನೊಳಗೆ ಎಂಬುದು ನೆನಪಿರಲಿ, ಕೂಡಲೇ ಬೆನ್ನು ನೇರ ಮಾಡಿ.

ಇನ್ನೊಂದು ಮೊಣಕೈ-ಮಂಡಿ ಸೇರಿಸುವ ದಾರಿ. ಬಲಮಗ್ಗುಲಾಗಿ, ಬಲಗಾಲನ್ನು ನೆಲಕ್ಕೆ ಚಪ್ಪಟೆಯಾಗಿ ಚಾಚಿ, ಬಲ ಮೊಣಕೈ ಮತ್ತು ಎಡಗೈಯಿಂದ ಅವರ ಎಡಮಂಡಿಗೆ ಫ್ರೇಮ್ ಕೊಟ್ಟು, ಸೊಂಟವನ್ನು ಎಡಕ್ಕೆ ಜರುಗಿಸಿ, ಬಲಮಂಡಿಯನ್ನು ಅವರ ಕಾಲಿನ ಕೆಳಗಿಂದ ಒಳಕ್ಕೆ ತೂರಿಸುವುದು. ಕಾಲು ಚಪ್ಪಟೆಯಾಗಿರದೆ ಮಂಡಿ ಮೇಲಕ್ಕೆದ್ದಿದ್ದರೆ ತೂರುವುದಿಲ್ಲ, ಅವರ ತೊಡೆಗೆ ಬಡಿದು ನಿಲ್ಲುತ್ತದೆ. ಮೊದಲ ಸಲಕ್ಕೆ ಅವರ ಒಂದು ಕಾಲು ಮಾತ್ರ ನಿಮ್ಮ ಕಾಲುಗಳ ನಡುವೆ ಬಂದು ಹಾಫ್ ಗಾರ್ಡ್ ಸಿಗುತ್ತದೆ. ಇನ್ನೊಂದು ಕಡೆಯೂ ಇದನ್ನೇ ಮಾಡಿದರೆ ಪೂರ್ತಿ ಗಾರ್ಡ್. ಉಪಾಗೆ ಹೆದರಿ ಅವರು ಕಾಲು ಅಗಲಿಸಿದಾಗ ಇದು ತೆರೆಯುತ್ತದೆ, ಇದಕ್ಕೆ ಹೆದರಿ ಮಂಡಿ ಬಿಗಿದಾಗ ಉಪಾ ತೆರೆಯುತ್ತದೆ. ಆದರೆ ಅವರ ಮಂಡಿಗಳು ನಿಮ್ಮ ಕಂಕುಳಿಗೆ ಏರುವ ಮುನ್ನವೇ ಇದೆಲ್ಲ ಆಗಬೇಕು. ಏರಿದ ಮೇಲೆ ಮೊಣಕೈಗಳು ನೆಲ ಬಿಟ್ಟು ಮೇಲೇಳುತ್ತವೆ, ಫ್ರೇಮ್ ಇಲ್ಲದಾಗುತ್ತದೆ. ಆ ಹೊತ್ತಿನಲ್ಲಿ ಬೇರೆ ಏನೂ ಯೋಚಿಸದೆ ಮೊಣಕೈಗಳನ್ನು ಒಂದೊಂದಾಗಿ ಪಕ್ಕೆಗೆ ಇಳಿಸಿಕೊಳ್ಳುವುದೇ ಮೊದಲ ಕೆಲಸ.

ಈಗ ಮೇಲಿರುವವರ ಮಾತು. ಹಿಡಿಯುವುದು ಎಂದರೆ ಅಪ್ಪಿ ಅವಚುವುದು ಎಂಬ ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ವಯಸ್ಕರ ಬಿಳಿ ಬೆಲ್ಟ್ ಪಂದ್ಯ 5 ನಿಮಿಷ, ಕಪ್ಪು ಬೆಲ್ಟ್ ಪಂದ್ಯ 10 ನಿಮಿಷ. ಮೊದಲ ನಿಮಿಷದಲ್ಲೇ ಬಲವೆಲ್ಲ ಹಾಕಿ ಬಿಗಿದವರ ಮುಂಗೈ ಎರಡನೆಯ ನಿಮಿಷಕ್ಕೆ ಕಲ್ಲಾಗಿರುತ್ತದೆ, ಬೆರಳು ಮಡಚುವುದಿಲ್ಲ. ಹಿಡಿಯಬೇಕಾದದ್ದು ತೋಳಿನಿಂದಲ್ಲ, ಭಾರದಿಂದ. ಸೈಡ್ ಕಂಟ್ರೋಲ್‌ನಲ್ಲಿ ಮಂಡಿಗಳನ್ನು ನೆಲಕ್ಕೆ ಊರಿದರೆ ನಿಮ್ಮ ಭಾರದ ಒಳ್ಳೆಯ ಪಾಲು ಮ್ಯಾಟ್‌ಗೆ ಹೋಗುತ್ತದೆ. ಮಂಡಿಗಳನ್ನು ಎರಡು ಬೆರಳಷ್ಟು ಎತ್ತಿ, ಕಾಲ್ಬೆರಳುಗಳನ್ನು ನೆಲಕ್ಕೆ ಕಚ್ಚಿಸಿ, ಸೊಂಟ ಇಳಿಸಿದರೆ ಅದೇ ಭಾರ ಎದೆಯ ಮೂಲಕ ಎದುರಾಳಿಯ ಎದೆಗೆ ಇಳಿಯುತ್ತದೆ. ಮೈತೂಕ ಬದಲಾಗದಿದ್ದರೂ ಕೆಳಗಿರುವವರಿಗೆ ಬೇರೆ ವ್ಯಕ್ತಿ ಬಂದು ಬಿದ್ದಂತೆ ಅನ್ನಿಸುತ್ತದೆ. ಸರಿಯಾಗಿದೆಯೋ ಇಲ್ಲವೋ ನೋಡಲು ಒಳ್ಳೆಯ ಪರೀಕ್ಷೆಯೊಂದಿದೆ: ಎರಡೂ ಕೈಗಳನ್ನು ನಿಮ್ಮ ಬೆನ್ನ ಹಿಂದೆ ಕಟ್ಟಿಕೊಂಡು, ಬರೀ ಎದೆ ಮತ್ತು ಕಾಲುಗಳಿಂದ 30 ಸೆಕೆಂಡು ಮೇಲೆ ಉಳಿಯಿರಿ. ಕೆಳಗಿರುವವರು ಅರ್ಧ ಬಲದಲ್ಲಿ ಹೊರಳಾಡಲಿ. ಹತ್ತು ಸೆಕೆಂಡಿಗೇ ಜಾರಿದರೆ ಅಲ್ಲಿಯವರೆಗೆ ನಿಮ್ಮನ್ನು ಉಳಿಸುತ್ತಿದ್ದದ್ದು ತೋಳಿನ ಬಿಗಿ ಮಾತ್ರ ಎಂದು ತಿಳಿಯುತ್ತದೆ.

ಭಾರದ ಜೊತೆಗೆ ಎರಡು ಅಡ್ಡಗಟ್ಟೆಗಳು ಬೇಕು. ತಲೆಯ ಕಡೆ ಕ್ರಾಸ್‌ಫೇಸ್, ಕಾಲಿನ ಕಡೆ ಅವರ ಸೊಂಟಕ್ಕೆ ತಾಗಿ ನಿಮ್ಮ ಮಂಡಿಯೋ ಮೊಣಕೈಯೋ. ಎರಡೂ ಇದ್ದರೆ ಅವರು ಅಂಗಾತವೇ ಉಳಿಯುತ್ತಾರೆ. ಅವರು ಮಗ್ಗುಲಾದರೆ ಅರ್ಧ ದಾರಿ ಬಂದರೆಂದು ಲೆಕ್ಕ. ಅವರು ನಿಮ್ಮ ಕತ್ತಿಗೆ ಫ್ರೇಮ್ ಕೊಟ್ಟರೆ ಅದರ ವಿರುದ್ಧ ಒತ್ತಿ ಗುದ್ದಾಡಬೇಡಿ. ಫ್ರೇಮ್‌ಗೆ ಬಲವಿರುವುದು ಒಂದೇ ದಿಕ್ಕಿನಲ್ಲಿ. ಅವರ ತಲೆಯ ಕಡೆಗೆ ಸುತ್ತಿ ನಾರ್ತ್ ಸೌತ್‌ಗೆ ಹೋದರೆ ಆ ತೋಳು ತಾನಾಗಿ ಮಡಚಿಕೊಳ್ಳುತ್ತದೆ. ಶ್ರಿಂಪ್ ಮಾಡಿ ಮಂಡಿ ತೂರಿಸಲು ಬಂದರೆ ಸೊಂಟವನ್ನು ಅವರ ಕಾಲಿನ ಕಡೆಗೆ ತಿರುವಿ ಆ ದಾರಿ ಮುಚ್ಚಿ, ಅಪಾಯ ಕಳೆದ ಮೇಲೆ ಮರಳಿ. ಆಚೆಗೆ ಹೊರಳಿದರೆ ಬೆನ್ನು ನಿಮ್ಮದು. ಜಾಗ ಬದಲಿಸುತ್ತಾ ಇರುವುದೇ ಹಿಡಿಯುವ ರೀತಿ. ಒಂದೇ ಹಿಡಿತಕ್ಕೆ ಜೋತುಬಿದ್ದವರನ್ನು ಉರುಳಿಸುವುದು ಸುಲಭ, ಏಕೆಂದರೆ ಅವರು ಎಲ್ಲಿರುತ್ತಾರೆಂದು ಕೆಳಗಿರುವವರಿಗೆ ಗೊತ್ತಿರುತ್ತದೆ.

ಹೊಟ್ಟೆಯ ಮೇಲೆ ಮಂಡಿಯೂರುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಇನ್ನೊಂದು ಕಾಲಿನ ಮಂಡಿ ನೆಲಕ್ಕೆ ತಾಗಬಾರದು, ಪಾದ ಮಾತ್ರ ದೂರದಲ್ಲಿ ಊರಿರಬೇಕು. ಮಂಡಿ ತಾಗಿದರೆ ಅಂಕವಿಲ್ಲ. ಕೆಳಗಿರುವವರು ಕೈಯಿಂದ ಮಂಡಿಯನ್ನು ನೂಕುತ್ತಾರೆ, ಆಗ ಅವರ ಮೊಣಕೈ ಪಕ್ಕೆಯನ್ನು ಬಿಟ್ಟಿರುತ್ತದೆ. ಮೇಲಿರುವವರು ಕಾಯುತ್ತಿದ್ದದ್ದು ಅದಕ್ಕೇ.

ಮೌಂಟ್‌ನಲ್ಲಿ ನಿಲ್ಲುವುದು ಸೈಡ್ ಕಂಟ್ರೋಲ್‌ಗಿಂತ ಕಷ್ಟ, ಮೇಲಿರುವವರು ಎತ್ತರದಲ್ಲಿರುತ್ತಾರೆ. ಮೊದಲು ಕೆಳಗೆ ಕೂತು ಬ್ರಿಡ್ಜ್‌ಗಳನ್ನು ಕಳೆಯಬೇಕು. ಪಾದಗಳು ಅವರ ತೊಡೆಗಳ ಕೆಳಗೆ ಸೇರಿರಲಿ, ಸೊಂಟ ಮುಂದಕ್ಕೆ ಒತ್ತಿರಲಿ, ಎದೆ ಕೆಳಗಿರಲಿ, ಎರಡೂ ಕೈ ಅವರ ತಲೆಯ ಆಚೆಗೆ ಅಗಲವಾಗಿ ಊರಿರಲಿ. ತೊಡೆಗಳಿಂದ ಅವರ ಪಕ್ಕೆಗಳನ್ನು ಹಿಂಡಲು ಹೋದರೆ ತೊಡೆಗೇ ಸೆಡೆತ ಬರುತ್ತದೆ. ಬ್ರಿಡ್ಜ್ ಬಂದಾಗ ಅದರ ವಿರುದ್ಧ ಸೆಟೆಯಬೇಡಿ, ಅದರ ಜೊತೆಗೇ ಏರಿ ಇಳಿಯಿರಿ, ಯಾವ ಕಡೆ ವಾಲಿತೋ ಆ ಕಡೆಯ ಕೈ ದೂರಕ್ಕೆ ಹೋಗಲಿ. ಎರಡೂ ಕೈಗಳಿಂದ ಅವರ ತಲೆಯನ್ನು ಅಪ್ಪಿಕೊಂಡಿದ್ದರೆ ಊರಲು ಕೈಯಿರುವುದಿಲ್ಲ, ಉಪಾಗೆ ಅದೇ ಬೇಕು. ಅವರು ಎರಡು ಮೂರು ಸಲ ಎತ್ತಿ ಏದುಸಿರು ಬಿಡುವಾಗ ನಿಮ್ಮ ಮಂಡಿಗಳನ್ನು ಒಂದೊಂದು ಅಂಗುಲ ಮೇಲಕ್ಕೆ ತೆಗೆದುಕೊಂಡು ಹೋಗಿ. ಬೆರಳುಗಳನ್ನು ಜೇಡನಂತೆ ಮ್ಯಾಟ್ ಮೇಲೆ ನಡೆಸುತ್ತಾ ಅವರ ಮೊಣಕೈಯನ್ನು ಪಕ್ಕೆಯಿಂದ ಮೇಲಕ್ಕೆ ತಳ್ಳಿ, ತೆರವಾದ ಕಂಕುಳಿಗೆ ಮಂಡಿ ಸೇರಿಸಿ. ಅವರು ಪೂರ್ತಿ ಮಗ್ಗುಲಾದರೆ ಜೊತೆಗೆ ತಿರುಗಿ, ಒಂದು ಮಂಡಿ ಅವರ ತಲೆಯ ಹಿಂದೆ, ಇನ್ನೊಂದು ಪಾದ ಹೊಟ್ಟೆಯ ಮುಂದೆ. ಇದು ಟೆಕ್ನಿಕಲ್ ಮೌಂಟ್, ಅವಸರ ಮಾಡಿ ಕೈ ಹಿಡಿಯಲು ಧಾವಿಸುವವರು ಕಳೆದುಕೊಳ್ಳುವ ಜಾಗ ಇದೇ.

ಇದನ್ನೆಲ್ಲ ಕಲಿಸುವುದು ಹೇಗೆ? ಒಂಟಿಯಾಗಿ ಮ್ಯಾಟ್‌ನ ಉದ್ದಕ್ಕೂ ಶ್ರಿಂಪ್ ಹಾಕಿಸುವುದು ಮೈ ಬಿಸಿಯಾಗಲು ಸರಿ. ಎದುರಿಗೆ ಫ್ರೇಮ್ ಕೊಡಲು ಮೈಯೇ ಇಲ್ಲದಾಗ ಅದು ತಪ್ಪಿಸಿಕೊಳ್ಳುವುದನ್ನು ಕಲಿಸುವುದಿಲ್ಲ. ಬೇಕಾದದ್ದು ಒಂದು ಜಾಗದಿಂದಲೇ ಶುರುವಾಗುವ ಆಟ. ಇಬ್ಬರೂ ಸೈಡ್ ಕಂಟ್ರೋಲ್‌ನಲ್ಲಿ ಕೂರಲಿ. ಮೇಲಿರುವವರ ಗುರಿ ಉಳಿಯುವುದು ಅಷ್ಟೇ, ಸಬ್ಮಿಷನ್ (ಸೋಲೊಪ್ಪಿಸುವ ಪಟ್ಟು) ಬೇಡ. ಕೆಳಗಿರುವವರ ಗುರಿ ಗಾರ್ಡ್ ಕಟ್ಟುವುದು ಇಲ್ಲವೇ ಮಂಡಿಯ ಮೇಲೆ ಬರುವುದು. ಬಿಡಿಸಿಕೊಂಡ ಕೂಡಲೇ ನಿಲ್ಲಿಸಿ ಮತ್ತೆ ಅಲ್ಲಿಂದಲೇ. 2 ನಿಮಿಷ, ಆಮೇಲೆ ಅದಲುಬದಲು. ಮೊದಲ ಸುತ್ತಿನಲ್ಲಿ ಮೂರನೇ ಒಂದು ಪಾಲು ಬಲ, ಮುಂದೆ ಅರ್ಧ, ಕೊನೆಯ ಸುತ್ತು ಮಾತ್ರ ಪೂರ್ತಿ. ಆರಂಭದಲ್ಲೇ ಪೂರ್ತಿ ಬಲ ಹಾಕಿಸಿದರೆ ಇಬ್ಬರೂ ತಂತ್ರ ಬಿಟ್ಟು ಜಗ್ಗಾಟಕ್ಕೆ ಇಳಿಯುತ್ತಾರೆ. ತೀರಾ ಮೆತ್ತಗೆ ಮಾಡಿದರೂ ತಪ್ಪೇ. ಕ್ರಾಸ್‌ಫೇಸ್‌ನ ನಿಜವಾದ ಒತ್ತಡ ಕಾಣದವರು ಮೊದಲ ಪಂದ್ಯದಲ್ಲಿ ಕಂಗಾಲಾಗುತ್ತಾರೆ.

ಉಸಿರಿನ ಬಗ್ಗೆ ತರಬೇತುದಾರರು ಮೊದಲ ವಾರವೇ ಹೇಳಬೇಕು. ಎದೆಯ ಮೇಲೆ ಭಾರ ಬಿದ್ದಾಗ ಹೊಸಬರು ಉಸಿರು ಕಟ್ಟಿ ಹಿಡಿಯುತ್ತಾರೆ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಗಾಬರಿ ಏರುತ್ತದೆ, ಗಾಬರಿಯಲ್ಲಿ ತೋಳು ಚಾಚುತ್ತಾರೆ. ಮಗ್ಗುಲಾದರೆ ಪಕ್ಕೆಲುಬುಗಳು ಬಿಡುವಾಗಿ ಗಾಳಿ ಬರುತ್ತದೆ. ಅದಕ್ಕಾಗಿಯಾದರೂ ಅಂಗಾತ ಮಲಗಿರಬಾರದು. ಬರೀ ಒತ್ತಡಕ್ಕೇ ಟ್ಯಾಪ್ ಮಾಡಿ ಸೋಲೊಪ್ಪುವುದರಲ್ಲಿ ಅವಮಾನವೇನೂ ಇಲ್ಲ. ಕೈ ಸಿಕ್ಕಿಕೊಂಡಿದ್ದರೆ ಪಾದದಿಂದ ಮ್ಯಾಟ್ ತಟ್ಟಬಹುದು, ಬಾಯಿಬಿಟ್ಟು ಹೇಳಲೂಬಹುದು. ಪಕ್ಕೆಲುಬಿನ ಮೃದ್ವಸ್ಥಿಗೆ ಪೆಟ್ಟಾದರೆ ವಾರಗಟ್ಟಲೆ ಕೆಮ್ಮಿದರೂ ನಕ್ಕರೂ ನೋವು. ಆದ್ದರಿಂದ ತೂಕದ ಅಂತರ ಹೆಚ್ಚಿರುವ ಜೋಡಿಯಲ್ಲಿ ಹೊಟ್ಟೆಯ ಮೇಲೆ ಮಂಡಿಯೂರುವಾಗ ಭಾರವಿರುವವರು ಪಾದದ ಮೇಲೆ ಭಾರ ಇಟ್ಟುಕೊಳ್ಳಬೇಕು. ಮುಖಕ್ಕೆ ಮುಖ, ಚರ್ಮಕ್ಕೆ ಚರ್ಮ ತಾಗುವ ಆಟ ಇದು: ಉಗುರು ಕತ್ತರಿಸಿರಲಿ, ಗೀ (ಆಟದ ಉಡುಪು) ಪ್ರತಿ ತರಗತಿಯ ಬಳಿಕ ಒಗೆದಿರಲಿ, ಹುಳುಕಡ್ಡಿಯ ಗುರುತು ಕಂಡವರು ವಾಸಿಯಾಗುವ ತನಕ ಮನೆಯಲ್ಲಿರಲಿ.

ಆತ್ಮರಕ್ಷಣೆಗೆಂದು ಹೆಣ್ಣುಮಕ್ಕಳನ್ನು ಸೇರಿಸುವ ತಂದೆತಾಯಿಗಳಿಗೂ ಒಂದು ಮಾತು. ಸೇರಿಸುವ ಮುನ್ನ ‘ಮೊದಲ ತಿಂಗಳು ಏನು ಕಲಿಸುತ್ತೀರಿ?’ ಎಂದು ಕೇಳಿ. ತನಗಿಂತ ಭಾರವಾದವರು ಮೇಲೆ ಬಿದ್ದಾಗ ಜಾಗ ಮಾಡಿಕೊಂಡು ಎದ್ದು ನಿಲ್ಲುವುದನ್ನು ಕಲಿಸುತ್ತೇವೆ ಎಂಬ ಉತ್ತರ ಬಂದರೆ ನಂಬಿ ಸೇರಿಸಿ. ತೋಳು ಮುರಿಯುವುದರ ಪಟ್ಟಿ ಬಂದರೆ ಇನ್ನೊಂದು ಕಡೆಯೂ ವಿಚಾರಿಸಿ. ಭಾರವನ್ನು ಹೊತ್ತು ಉಸಿರಾಡಿ ಯೋಚಿಸಬಲ್ಲೆ ಎಂಬ ಧೈರ್ಯ ಬಂದ ಮೇಲೆ ಚೋಕ್ ಕಲಿಯಲು ಎರಡು ತರಗತಿ ಸಾಕು. ಮೊದಲೇ ಚೋಕ್ ಕಲಿತವರಿಗೆ ಆ ಧೈರ್ಯ ಎರಡು ವರ್ಷವಾದರೂ ಬರದೆ ಇರುವುದುಂಟು, ಕೆಳಗೆ ಬೀಳುವ ಸಂದರ್ಭವನ್ನೇ ಅವರು ತಪ್ಪಿಸುತ್ತಾ ಹೋಗುತ್ತಾರೆ.

ಪತ್ರಿಕೆಯಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಪಂದ್ಯದ ವರದಿ ಬರೆಯುವಾಗ ಯಾರು ಯಾವ ಜಾಗವನ್ನು ಹಿಡಿದರು, ಎಷ್ಟು ಹೊತ್ತು ಹಿಡಿದರು, ಕೆಳಗಿದ್ದವರು ಎಷ್ಟು ಸಲ ಬಿಡಿಸಿಕೊಂಡರು ಎಂದು ಎರಡು ಸಾಲು ಸೇರಿಸಿ. ಸೋತವರ ಆಟದಲ್ಲೂ ಕಲಿಯಲು ಏನಿತ್ತೆಂದು ಓದುಗರಿಗೆ ಗೊತ್ತಾಗುತ್ತದೆ. ನಿಮ್ಮ ಛಾಯಾಗ್ರಾಹಕರಿಗೂ ಒಂದು ಸೂಚನೆ: ಮೇಲಿರುವವರ ಮುಖವನ್ನು ಬಿಟ್ಟು ಕೆಳಗಿರುವವರ ಮೊಣಕೈಯನ್ನು ನೋಡುತ್ತಿರಲಿ. ಅದು ಪಕ್ಕೆಗೆ ಅಂಟಿಕೊಂಡಿರುವವರೆಗೆ ಇನ್ನೂ ಹೊತ್ತಿದೆ. ಅದು ಪಕ್ಕೆ ಬಿಟ್ಟು ಕಿವಿಯ ಕಡೆಗೆ ಏರತೊಡಗಿದ ಕೂಡಲೇ ಕ್ಯಾಮೆರಾ ಎತ್ತಿಕೊಳ್ಳಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಜಿಯು-ಜಿಟ್ಸು ತರಬೇತುದಾರ